ಕಳವಿನ ಬೇರು ಎಲ್ಲಿದೆ?



ಕಳೆದ ಅಮಾವಾಸ್ಯೆಯ ಅನುಭಾವಗೋಷ್ಠಿಯು ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ, ವ್ಯಾಪಾರಸ್ಥರಾದ ಹಿರಿಯ ಭಕ್ತರೊಬ್ಬರು ಎದ್ದು ನಿಂತು ಒಂದು ಪ್ರಶ್ನೆಯನ್ನು ಮಾಡಿದರು. ಅದರ ಹಿಂದಿನ ವಾರವೇ ಅವರ ಅಂಗಡಿಯಲ್ಲಿ ಕಳವಾಗಿದ್ದಿತು. "ಕಾಯಕ, ದಾಸೋಹ, ದಯೆ ಎಂದು ತಾವು ನಿತ್ಯವೂ ಬೋಧಿಸುತ್ತಿರುವಿರಿ. ಒಪ್ಪಿದೆವು. ಆದರೆ ಬಡವರ ಕೇರಿಗಳಲ್ಲಿಯೇ ಕಳವು, ಹೊಡೆದಾಟ, ಕೊಲೆಗಳು ಹೆಚ್ಚಾಗಿ ನಡೆಯುವುವೇಕೆ? ಬಡತನದಿಂದ ಕೆಟ್ಟರೋ, ಕೆಟ್ಟವರಾದುದರಿಂದಲೇ ಬಡವರಾಗಿ ಉಳಿದರೋ?" ಎಂಬುದು ಅವರ ಪ್ರಶ್ನೆ. ಸಭೆಯಲ್ಲಿ ಕೆಲವರು ನಕ್ಕರು, ಹಲವರು ತಲೆದೂಗಿದರು. ನಮಗೆ ಆ ಹೊತ್ತಿಗೆ ತಕ್ಕ ಉತ್ತರವು ಹೊಳೆಯಲಿಲ್ಲ. ಮುಂದಿನ ಸಂಚಿಕೆಯಲ್ಲಿ ಬರೆಯುವೆವೆಂದು ಹೇಳಿ ಎದ್ದೆವು. ಕೊಟ್ಟ ಮಾತನ್ನು ನಡೆಸುವುದಕ್ಕಾಗಿ ಈ ಒಂದು ತಿಂಗಳು ನಮಗೆ ಅಭ್ಯಾಸವಿಲ್ಲದ ಕೆಲವು ಗ್ರಂಥಗಳನ್ನು ತರಿಸಿ ಓದಬೇಕಾಯಿತು.

ಓದಿದ ಮೇಲೆ ತಿಳಿದುದೇನೆಂದರೆ, ಈ ಪ್ರಶ್ನೆಯನ್ನು ಕೇಳಿದವರಲ್ಲಿ ನಮ್ಮ ಭಕ್ತರು ಮೊದಲಿಗರಲ್ಲ. ಸುಮಾರು ಇನ್ನೂರು ವರ್ಷಗಳಿಂದ ಪಶ್ಚಿಮದ ಪಂಡಿತರು ಇದನ್ನೇ ಕೇಳಿಕೊಳ್ಳುತ್ತ ಬಂದಿದ್ದಾರೆ. ಒಬ್ಬರು ಕೊಟ್ಟ ಉತ್ತರವನ್ನು ಇನ್ನೊಬ್ಬರು ಅಲ್ಲಗಳೆದಿದ್ದಾರೆ.

ಅವುಗಳಲ್ಲಿ ಅತ್ಯಂತ ಸುಲಭವಾದ ಉತ್ತರವು ಹುಟ್ಟಿನ ಉತ್ತರ. ಇಟಲಿಯ ವೈದ್ಯನಾದ ಚೆಸಾರೆ ಲೊಂಬ್ರೊಸೊ ಎಂಬವನು ೧೮೭೬ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಅಪರಾಧಿಗಳಲ್ಲಿ ಹಲವರು ಹುಟ್ಟಿನಿಂದಲೇ ಅಪರಾಧಿಗಳು, ಅವರ ತಲೆಬುರುಡೆ, ದವಡೆ, ಕಿವಿಗಳ ಆಕಾರವನ್ನು ನೋಡಿಯೇ ಅವರನ್ನು ಗುರುತಿಸಬಹುದು ಎಂದು ಸಾರಿದನು. ಆ ಕಾಲದಲ್ಲಿ ಈ ಮಾತಿಗೆ ಬಹಳ ಮನ್ನಣೆ ದೊರೆಯಿತು. ಆದರೆ ಇಂಗ್ಲೆಂಡಿನ ಸೆರೆಮನೆಯ ವೈದ್ಯ ಚಾರ್ಲ್ಸ್ ಗೋರಿಂಗನು ಸುಮಾರು ೩,೦೦೦ ಕೈದಿಗಳನ್ನು ಅಳೆದು, ಬೇರೆ ಜನರೊಡನೆ ಹೋಲಿಸಿ, ಅಂಥ ಶರೀರಲಕ್ಷಣವು ಇಲ್ಲವೆಂದು ೧೯೧೩ರಲ್ಲಿ ತೋರಿಸಿಕೊಟ್ಟನು. ಲೊಂಬ್ರೊಸೊನ ಬುರುಡೆಶಾಸ್ತ್ರವು ಅಲ್ಲಿಗೆ ಮುರಿದುಬಿದ್ದಿತು.

ಶಾಸ್ತ್ರವು ಮುರಿದುಬಿದ್ದರೂ ಅದರ ಹಿಂದಿನ ಭಾವನೆಯು ಬೀಳಲಿಲ್ಲ. ನಮ್ಮ ನಾಡಿನಲ್ಲಿಯೇ ಆ ಭಾವನೆಯು ಲೊಂಬ್ರೊಸೊನ ಗ್ರಂಥಕ್ಕಿಂತ ೫ ವರ್ಷ ಮೊದಲೇ ಕಾಯಿದೆಯಾಗಿದ್ದಿತೆಂಬುದನ್ನು ಎಷ್ಟು ಜನರು ಬಲ್ಲರು? ೧೮೭೧ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಇಂಥಿಂಥ ಜಾತಿಯಲ್ಲಿ ಹುಟ್ಟಿದವರೆಲ್ಲರೂ ಹುಟ್ಟುಕಳ್ಳರೆಂದು ಬರೆದು, ಅವರ ಹೆಸರುಗಳನ್ನು ಪಟ್ಟಿಗೆ ಏರಿಸಿ, ಹಾಜರಿ ಕೊಡಬೇಕು, ಊರು ಬಿಡುವುದಾದರೆ ಪರವಾನಗಿ ಪಡೆಯಬೇಕು ಎಂದು ವಿಧಿಸಿತು. ಮೊದಲು ಉತ್ತರ ಹಿಂದೂಸ್ಥಾನದಲ್ಲಿ ಜಾರಿಯಾದ ಈ ಕಾಯಿದೆಯು ಬರಬರುತ್ತ ಉಳಿದ ಪ್ರಾಂತಗಳಿಗೂ ಹಬ್ಬಿತು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರಿಗಾಗಿ ವಸಾಹತುಗಳನ್ನು ಕಟ್ಟಿದರು. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ಆ ಭಾಗಗಳನ್ನು ಜನರು ಇಂದಿಗೂ 'ಸೆಟಲ್‌ಮೆಂಟ್' ಎಂದೇ ಕರೆಯುವರು. ಪ್ರತಿನಿತ್ಯ ಆ ಹೆಸರನ್ನು ಉಚ್ಚರಿಸುವ ನಮ್ಮಲ್ಲಿ ಎಷ್ಟೋ ಜನರಿಗೆ ಅದು ಬೇಲಿಯೊಳಗಿನ ಜೀವನದ ಹೆಸರೆಂಬುದು ತಿಳಿಯದು. ತಾಯಿಯ ಗರ್ಭದಲ್ಲಿದ್ದ ಕೂಸಿಗೂ ಅಪರಾಧಿಯೆಂಬ ಹೆಸರು ಕಾದುಕೊಂಡಿರುತ್ತಿದ್ದಿತು.

ಸ್ವಾತಂತ್ರ್ಯ ಬಂದು ೫ ವರ್ಷಗಳಾದ ಮೇಲೆ, ೧೯೫೨ರಲ್ಲಿ ಈ ಕಾಯಿದೆಯು ರದ್ದಾಯಿತು. ಆದರೂ ಸೆರೆಮನೆಯ ನಿಯಮಪುಸ್ತಕಗಳಲ್ಲಿ ಆ ಜನಾಂಗಗಳ ಮೇಲಿನ ಸಂಶಯವು ಅಕ್ಷರರೂಪದಲ್ಲಿ ಉಳಿದುಕೊಂಡೇ ಬಂದಿತು. ೨೦೨೪ರ ಅಕ್ಟೋಬರ್ ೩ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿಯ ಜಾತಿಭೇದದ ನಿಯಮಗಳನ್ನು ಸಂವಿಧಾನಬಾಹಿರವೆಂದು ತೆಗೆದುಹಾಕುವಾಗ, ಈ ವಿಮುಕ್ತ ಜನಾಂಗಗಳನ್ನು ರೂಢಿಯ ಅಪರಾಧಿಗಳೆಂದು ಕಾಣುವ ಮಾತುಗಳನ್ನೂ ತಳ್ಳಿಹಾಕಿತು. ೧೮೭೧ರಿಂದ ೨೦೨೪ರ ವರೆಗೆ! ಒಂದು ಸುಳ್ಳು ಮಾತಿಗೆ ಎಷ್ಟು ದೀರ್ಘವಾದ ಆಯುಷ್ಯವೆಂಬುದನ್ನು ಎಣಿಸಿಕೊಳ್ಳಿರಿ.

ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂಬುದನ್ನು ಶರಣಧರ್ಮದಲ್ಲಿ ಹುಟ್ಟಿದ ನಮಗೆ ಇಟಲಿ, ಇಂಗ್ಲೆಂಡಿನವರು ಕಲಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಕನ್ನದ ಮಾರಿತಂದೆಯೆಂಬವನಿದ್ದನು. ಕನ್ನವೆಂದರೆ ಗೊತ್ತೇ ಇದೆ, ಕಳ್ಳನು ರಾತ್ರಿಯಲ್ಲಿ ಗೋಡೆಗೆ ಕೊರೆಯುವ ತೂತು. ಅದೇ ಅವನ ಪೂರ್ವದ ಉದ್ಯೋಗ. ಅವನ ಹೆಸರಿನಿಂದ ಆ ಮಾತನ್ನು ಯಾರೂ ಅಳಿಸಲಿಲ್ಲ, ಅವನೂ ಅಳಿಸಿಕೊಳ್ಳಲಿಲ್ಲ. ಆದರೂ ಶರಣರ ಸಾಲಿನಲ್ಲಿ ಅವನಿಗೆ ಸ್ಥಾನವಿದ್ದಿತು, ಅವನು ನುಡಿದ ವಚನಗಳು ಕೆಲವೇ ಆದರೂ ಇಂದಿಗೂ ಉಳಿದಿವೆ. ಹೆಂಡದ ಮಾರಯ್ಯನ ಹೆಸರೂ ಹೀಗೆಯೇ ಉಳಿದಿದೆ. ನಾವು ಇವರ ಹೆಸರುಗಳನ್ನು ಗಣಪರ್ವಗಳಲ್ಲಿ ಭಕ್ತಿಯಿಂದ ಹೇಳುತ್ತೇವೆ. ಹೇಳಿ ಮುಗಿಸಿ ಮನೆಗೆ ಹೋದ ಮೇಲೆ ಕೊಟ್ಟಿಗೆಯ ಹಗ್ಗ ಕಾಣದಿದ್ದರೆ ಮೊದಲು ಯಾವ ಕೇರಿಯ ಕಡೆಗೆ ನೋಡುತ್ತೇವೆಂಬುದು ಬೇರೆ ಮಾತು.

ಹುಟ್ಟು ಕಾರಣವಲ್ಲವೆಂದರೆ, ಬಡತನವೇ ಕಾರಣವಿರಬೇಕಲ್ಲವೆ? ಹಸಿದವನು ಕದಿಯುವನು, ಉಂಡವನು ಕದಿಯನು. ಇದು ಎಲ್ಲರ ಬಾಯಲ್ಲಿರುವ ಮಾತು, ಮೇಲುನೋಟಕ್ಕೆ ಕರುಣೆಯ ಮಾತೂ ಅಹುದು. ಆದರೆ ಇದೂ ಪೂರ್ತಿ ನಿಲ್ಲುವುದಿಲ್ಲ. ಫ್ರಾನ್ಸ್ ದೇಶದ ಗೆರಿ ಎಂಬ ವಕೀಲನು ೧೮೩೩ರಲ್ಲಿ ಆ ದೇಶದ ಜಿಲ್ಲೆಗಳ ಅಪರಾಧದ ಲೆಕ್ಕಗಳನ್ನು ನಕಾಶೆಯ ಮೇಲೆ ಬಣ್ಣಹಾಕಿ ತೋರಿಸಿದನು. ನೋಡಿದರೆ, ಸ್ವತ್ತಿನ ಅಪರಾಧಗಳು ಹೆಚ್ಚಾಗಿದ್ದುದು ಕಡುಬಡ ಜಿಲ್ಲೆಗಳಲ್ಲಲ್ಲ, ಸಂಪತ್ತುಳ್ಳ ಉತ್ತರದ ಜಿಲ್ಲೆಗಳಲ್ಲಿ! ಬೆಲ್ಜಿಯಂ ದೇಶದ ಗಣಿತಜ್ಞ ಕ್ವೆಟೆಲೆಯೂ ಅದೇ ಕಾಲದಲ್ಲಿ ಅದನ್ನೇ ಕಂಡನು. ಎಲ್ಲರೂ ಸಮನಾಗಿ ಬಡವರಾಗಿರುವಲ್ಲಿ ಅಪರಾಧ ಕಡಿಮೆ. ಸಿರಿಯೂ ಬಡತನವೂ ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತಿರುವಲ್ಲಿ ಹೆಚ್ಚು ಎಂದು ಅವನು ಬರೆದನು. ನಮ್ಮ ಕಾಲದ ಸಾಕ್ಷಿಯನ್ನೇ ಬೇಕೆಂದರೆ, ೨೦೦೮-೦೯ರಲ್ಲಿ ಅಮೇರಿಕಾ ದೇಶದ ಬ್ಯಾಂಕುಗಳು ಕುಸಿದು ಲಕ್ಷಗಟ್ಟಲೆ ಜನರು ಕೆಲಸ ಕಳೆದುಕೊಂಡರು; ಅಪರಾಧಗಳು ಏರುವುವೆಂದು ಎಲ್ಲರೂ ಕಾದರು. ಏರಲಿಲ್ಲ, ಇಳಿದುವು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಈ ಮಠದ ಹಿಂದಿನ ಓಣಿಯಲ್ಲಿ ಎರಡು ಹೊತ್ತಿನ ರೊಟ್ಟಿಗೆ ಕಷ್ಟಪಡುವ ಮನೆಗಳು ಹಲವು ಇವೆ. ಅವರ ಮನೆಗಳಿಗೆ ಬೀಗವಿಲ್ಲ, ಪರರ ಮನೆಯ ಬೀಗವನ್ನು ಅವರು ಮುಟ್ಟಿದ್ದೂ ಇಲ್ಲ. ಬಡತನವೇ ಕಳವಿನ ತಾಯಿಯೆಂದು ಹೇಳಿದರೆ ಈ ಜನರ ಸತ್ಯಶುದ್ಧವಾದ ಬಾಳಿಗೆ ಅಪಮಾನ ಮಾಡಿದಂತಾಗುವುದು. ಮತ್ತೊಂದು ಮಾತನ್ನೂ ಮರೆಯಲಾಗದು. ಬಡವರ ಕೇರಿಯಲ್ಲಿ ನಡೆಯುವ ಅಪರಾಧಕ್ಕೆ ತುತ್ತಾಗುವವರು ಹೆಚ್ಚಾಗಿ ಆ ಕೇರಿಯ ಬಡವರೇ. ಅವರ ಕೋಳಿ, ಅವರ ಸೈಕಲ್, ಅವರ ಮಗಳ ಕಿವಿಯ ಓಲೆ. ಆದುದರಿಂದ ಕಾರಣವನ್ನು ಹುಡುಕುವುದೆಂದರೆ ಕಳ್ಳನ ಪಕ್ಷವನ್ನು ವಹಿಸುವುದಲ್ಲ.

ಹಾಗಾದರೆ ಎದುರುಬದುರಾದ ಸಿರಿ-ಬಡತನಗಳು ಮನಸ್ಸಿನಲ್ಲಿ ಏನನ್ನು ಮಾಡುತ್ತವೆ? ಇದನ್ನು ರಾಬರ್ಟ್ ಮರ್ಟನ್ ಎಂಬ ಅಮೇರಿಕಾದ ಪಂಡಿತರು ೧೯೩೮ರಲ್ಲಿ ಒಂದು ಚಿಕ್ಕ ಪ್ರಬಂಧದಲ್ಲಿ ಬಿಡಿಸಿ ಹೇಳಿದರು. ಇವರು ಫಿಲಡೆಲ್ಫಿಯಾ ನಗರದ ಬಡ ಕೇರಿಯಲ್ಲಿ ವಲಸೆಗಾರರ ಮಗನಾಗಿ ಹುಟ್ಟಿ ಬೆಳೆದವರಾದುದರಿಂದ, ಇದು ಕೇವಲ ಪುಸ್ತಕಪಾಂಡಿತ್ಯವಲ್ಲ. ಅವರ ಮಾತಿನ ಸಾರವಿಷ್ಟು: ಸಮಾಜವು ಎಲ್ಲರಿಗೂ ಒಂದೇ ಗುರಿಯನ್ನು ತೋರಿಸುತ್ತದೆ, ಹಣ ಗಳಿಸು, ಗಳಿಸಿದರೇ ನೀನು ಮನುಷ್ಯ ಎಂದು. ಆದರೆ ಆ ಗುರಿಗೆ ಹೋಗುವ ನ್ಯಾಯವಾದ ದಾರಿಯನ್ನು ಕೆಲವರಿಗೆ ತೆರೆದು, ಹಲವರಿಗೆ ಮುಚ್ಚುತ್ತದೆ. ಗುರಿಯನ್ನು ಬಿಡಲಾರದೆ, ದಾರಿಯನ್ನೂ ಕಾಣದೆ ನಿಂತವನು ಗೋಡೆಯನ್ನು ಕೊರೆಯುತ್ತಾನೆ. ಗುರಿಯನ್ನು ಅವನಿಗೆ ತೋರಿಸಿದವರು ಯಾರು? ಮದುವೆಯ ಮೆರವಣಿಗೆಯಲ್ಲಿ ಬಂಗಾರವನ್ನು ಹೇರಿಕೊಂಡು ಅವನ ಗುಡಿಸಲ ಮುಂದೆಯೇ ಹಾಯ್ದುಹೋದವರು ಯಾರು? ಹೇಳಿರಿ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದನು. ಅದು ಕಳವಲ್ಲ, ಚೆಲ್ಲಿದ್ದನ್ನೇ ತಂದದ್ದು. ಆದರೂ ಆ ತಾಯಿ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳಿಸಿದಳು. ನಾವು ಈ ಕಥೆಯನ್ನು ಬಡವರಿಗೆ ಹೇಳಿ, ನೋಡಿರಿ, ಬಡತನದಲ್ಲಿ ಹೀಗಿರಬೇಕು ಎನ್ನುತ್ತೇವೆ. ಆ ದಂಪತಿಗಳಿಗೆ ನಿತ್ಯವೂ ಮಾಡುವುದಕ್ಕೆ ಒಂದು ಕಾಯಕವಿದ್ದಿತು, ಆ ಕಾಯಕಕ್ಕೆ ಮಂತ್ರಿಯ ಮನೆಯಲ್ಲಿಯೂ ಗೌರವವಿದ್ದಿತು, ಅವರ ಮಾತಿಗೆ ಸಭೆಯಲ್ಲಿ ಬೆಲೆಯಿದ್ದಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಕಥೆಯನ್ನು ಸಿರಿವಂತರಿಗೆ ಮೊದಲು ಹೇಳಬೇಕು.

ಇನ್ನು ಚಿಕಾಗೋ ನಗರದ ಸಂಶೋಧನೆಗೆ ಬರುವೆವು. ನಾವು ಓದಿದುದರಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ಇದೇ. ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಎಂಬಿಬ್ಬರು ಆ ನಗರದ ಬಾಲನ್ಯಾಯಾಲಯದ ದಫ್ತರಗಳನ್ನು ತೆಗೆದು, ಅಲ್ಲಿಗೆ ಬಂದ ಪ್ರತಿಯೊಬ್ಬ ಹುಡುಗನ ಮನೆ ಎಲ್ಲಿತ್ತೆಂಬುದನ್ನು ನಗರದ ನಕಾಶೆಯ ಮೇಲೆ ಗುರುತಿಸಿದರು. ೧೯೦೦ರಿಂದ ೧೯೦೬ರ ವರೆಗಿನದು ಒಂದು ನಕಾಶೆ, ೧೯೧೭ರಿಂದ ೧೯೨೩ರ ವರೆಗಿನದು ಇನ್ನೊಂದು, ೧೯೨೭ರಿಂದ ೧೯೩೩ರ ವರೆಗಿನದು ಮತ್ತೊಂದು. ಒಂದೊಂದರಲ್ಲಿಯೂ ಸುಮಾರು ೮,೦೦೦ ಹುಡುಗರು. ಮೂರು ನಕಾಶೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಚುಕ್ಕೆಗಳು ಬಹುಮಟ್ಟಿಗೆ ಒಂದೇ ಕಡೆಗೆ ಮುತ್ತಿಕೊಂಡಿದ್ದುವು: ನಗರದ ನಡುವಣ ಪೇಟೆಗೆ ಹೊಂದಿದ, ಕಾರಖಾನೆಗಳ ಹೊಗೆ ಕವಿದ, ಬಾಡಿಗೆಯ ಹಳೆಯ ಮನೆಗಳ ಓಣಿಗಳಲ್ಲಿ. ಹೊರಹೊರಗೆ ಹೋದಂತೆ ಚುಕ್ಕೆಗಳು ವಿರಳವಾಗುತ್ತಿದ್ದುವು.

ಇಷ್ಟೇ ಆಗಿದ್ದರೆ ವಿಶೇಷವೇನೂ ಇರಲಿಲ್ಲ. ವಿಶೇಷವೇನೆಂದರೆ, ಈ ಮೂವತ್ತು ವರ್ಷಗಳಲ್ಲಿ ಆ ಓಣಿಗಳ ಜನರೇ ಬೇರೆಯಾಗಿಬಿಟ್ಟಿದ್ದರು! ಮೊದಲು ಜರ್ಮನರು, ಐರಿಷರು, ಸ್ವೀಡಿಷರು ಇದ್ದಲ್ಲಿ ಆಮೇಲೆ ಪೋಲೆಂಡಿನವರೂ ಇಟಲಿಯವರೂ ಬಂದರು; ಅವರ ತರುವಾಯ ಕಪ್ಪುಜನರು ಬಂದರು. ಬಂದವರು ನಾಲ್ಕು ಕಾಸು ಕೂಡಿಸಿಕೊಂಡೊಡನೆ ಓಣಿಯನ್ನು ಬಿಟ್ಟು ಹೊರವಲಯಕ್ಕೆ ಹೋಗುತ್ತಿದ್ದರು. ಹೋದ ಮೇಲೆ ಅವರ ಮಕ್ಕಳ ಅಪರಾಧವೂ ಇಳಿಯುತ್ತಿದ್ದಿತು. ಓಣಿಯ ಅಪರಾಧ ಮಾತ್ರ ಇಳಿಯುತ್ತಿರಲಿಲ್ಲ. ೧೯೪೨ರಲ್ಲಿ ಪ್ರಕಟವಾದ ಅವರ ಗ್ರಂಥವನ್ನು ಓದಿದಾಗ ನಮಗೆ ಹೊಲದ ನೆನಪಾಯಿತು. ಒಂದು ಹೊಲದಲ್ಲಿ ಜೋಳ ಬಿತ್ತಿದರೂ ಸುಳಿರೋಗ, ಕಡಲೆ ಬಿತ್ತಿದರೂ ಸಿಡಿರೋಗ, ಗೋದಿ ಬಿತ್ತಿದರೂ ಕಾಡಿಗೆರೋಗ ಬಂದರೆ ಒಕ್ಕಲಿಗನು ಬೀಜವನ್ನು ಬಯ್ಯುತ್ತ ಕೂಡ್ರುವನೇ? ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವನು.

ಆ ಮಣ್ಣಿನಲ್ಲಿ ಏನು ಕೊರತೆಯಿದ್ದಿತು? ಇಂದಿದ್ದ ನೆರೆಯವನು ನಾಳೆ ಇಲ್ಲದ್ದರಿಂದ ಒಬ್ಬರ ಮಕ್ಕಳನ್ನು ಇನ್ನೊಬ್ಬರು ಬಲ್ಲವರಾಗಿರಲಿಲ್ಲ. ಬೀದಿಯಲ್ಲಿ ತಪ್ಪು ನಡೆದರೆ ನಿಲ್ಲಿಸಿ ಕೇಳುವ ಹಿರಿಯರಿರಲಿಲ್ಲ ಎಂದು ಶಾ, ಮೆಕೇ ಹೇಳಿದರು. ಐವತ್ತೈದು ವರ್ಷಗಳ ತರುವಾಯ, ೧೯೯೭ರಲ್ಲಿ, ಪ್ರಕಟವಾದ ಸಂಶೋಧನೆಗಾಗಿ ಅದೇ ಚಿಕಾಗೋದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮೊದಲಾದವರು ೩೪೩ ನೆರೆಹೊರೆಗಳಲ್ಲಿ ೮,೭೮೨ ಜನರನ್ನು ಭೆಟ್ಟಿಯಾಗಿ ಬಹಳ ಸಾದಾ ಪ್ರಶ್ನೆಗಳನ್ನು ಕೇಳಿದರು: ಮಕ್ಕಳು ಶಾಲೆ ತಪ್ಪಿಸಿ ಬೀದಿಯ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಕೇಳುವರೇ? ಮಕ್ಕಳು ಹಿರಿಯರಿಗೆ ಅಗೌರವ ತೋರಿದರೆ ತಡೆಯುವರೇ? ನಿಮ್ಮ ನೆರೆಯವರು ನಂಬಿಕೆಗೆ ಅರ್ಹರೇ? 'ಹೌದು' ಎಂಬ ಉತ್ತರ ಹೆಚ್ಚಾಗಿ ಬಂದ ನೆರೆಹೊರೆಗಳಲ್ಲಿ, ಅವು ಬಡವಾಗಿದ್ದರೂ, ಹೊಡೆದಾಟ ಕೊಲೆಗಳು ಕಡಿಮೆಯಿದ್ದುವು. ಬಡತನದ ಪಾಲನ್ನು ಲೆಕ್ಕದಿಂದ ಕಳೆದ ಮೇಲೂ ಈ ನಂಬಿಕೆಯ ಪಾಲು ಉಳಿಯುತ್ತಿದ್ದಿತು. ಬಡತನವು ಏನೂ ಮಾಡುವುದಿಲ್ಲವೆಂದಲ್ಲ. ಜನರು ನಿಲ್ಲಲಾರದಂತೆ, ಒಬ್ಬರನ್ನೊಬ್ಬರು ನಂಬಲಾರದಂತೆ ಮಾಡುವುದೂ ಬಡತನವೇ. ಅಪರಾಧದ ವರೆಗಿನ ಹಾದಿಯು ಹೆಚ್ಚಾಗಿ ಈ ಅಗಸೆಯ ಮೂಲಕ ಹೋಗುತ್ತದೆ, ಅಷ್ಟೇ.

ಇದನ್ನು ಕೇಳಿ ನಮ್ಮ ಹಳೆಯ ಹಿರಿಯರು, ನಮ್ಮ ಕಾಲದಲ್ಲಿ ಓಣಿಯ ಮಕ್ಕಳೆಲ್ಲ ನಮ್ಮ ಮಕ್ಕಳೇ ಆಗಿದ್ದರು ಎಂದು ಹಿಗ್ಗಬಹುದು. ಅಹುದು, ಆದರೆ ಯಾವ ಓಣಿಯ ಮಕ್ಕಳು ಎಂದು ನಾವು ಮೆಲ್ಲಗೆ ಕೇಳುವೆವು.

ಕಳವು ಕಲಿತು ಬರುವ ವಿದ್ಯೆಯೆಂಬುದನ್ನು ಎಡ್ವಿನ್ ಸದರ್ಲ್ಯಾಂಡ್ ಎಂಬ ಪಂಡಿತರು ವಿಸ್ತರಿಸಿ ಹೇಳಿದ್ದಾರೆ. ಬಡಿಗತನವನ್ನು ಬಡಿಗನಲ್ಲಿ ಕಲಿಯುವಂತೆ ಕಳ್ಳತನವನ್ನು ಕಳ್ಳರ ಸಂಗದಲ್ಲಿ ಕಲಿಯುವರು. ಕೈಚಳಕವನ್ನಷ್ಟೇ ಅಲ್ಲ, ಅದನ್ನು ಸರಿಯೆಂದು ಸಮರ್ಥಿಸುವ ಮಾತುಗಳನ್ನೂ ಕಲಿಯುವರು. ಸಂಗದ ಮಹಿಮೆಯನ್ನು ಕುರಿತು ನಮ್ಮಲ್ಲಿ ಹೇಳಿರುವಷ್ಟು ಬೇರೆಲ್ಲಿಯೂ ಹೇಳಿಲ್ಲವಾದುದರಿಂದ ಇದನ್ನು ಬೆಳೆಸುವುದಿಲ್ಲ. ಆದರೆ ಸದರ್ಲ್ಯಾಂಡರು ಇದನ್ನು ಹೇಳಿ ಸುಮ್ಮನಾಗಲಿಲ್ಲ. ಅಪರಾಧವು ಬಡವರದೇ ಎಂಬ ಲೆಕ್ಕವೇ ತಪ್ಪು, ಸೆರೆಮನೆಗೆ ಹೋದವರನ್ನು ಮಾತ್ರ ಎಣಿಸಿ ಆ ಲೆಕ್ಕವನ್ನು ಮಾಡಿದ್ದೀರಿ ಎಂದು ಅವರು ತಮ್ಮ ಜೊತೆಯ ಪಂಡಿತರಿಗೇ ಹೇಳಿದರು. ಅಮೇರಿಕಾದ ೭೦ ದೊಡ್ಡ ಕಂಪನಿಗಳ ದಫ್ತರಗಳನ್ನು ಹುಡುಕಿ ನೋಡಿದಾಗ, ಆ ಕಂಪನಿಗಳು ಕಾಯಿದೆಯನ್ನು ಮುರಿದುವೆಂದು ನ್ಯಾಯಾಲಯಗಳೂ ಸರಕಾರಿ ಮಂಡಲಗಳೂ ಕೊಟ್ಟ ನಿರ್ಣಯಗಳು ೯೮೦ ದೊರೆತುವು. ಒಂದೊಂದಕ್ಕೆ ಸರಾಸರಿ ೧೪. ನಿರ್ಣಯವಿಲ್ಲದ ಕಂಪನಿ ಒಂದೂ ಇರಲಿಲ್ಲ. ೧೯೪೯ರಲ್ಲಿ ಈ ಗ್ರಂಥವು ಹೊರಬರುವಾಗ ಪ್ರಕಾಶಕರು ಅಂಜಿ ಕಂಪನಿಗಳ ಹೆಸರುಗಳನ್ನು ತೆಗೆಸಿದರು. ಹೆಸರುಗಳೊಡನೆ ಪೂರ್ಣಗ್ರಂಥವು ಹೊರಬಂದುದು ೧೯೮೩ರಲ್ಲಿ. ಕೇರಿಯ ಹುಡುಗನ ಹೆಸರು ಮರುದಿನವೇ ಪತ್ರಿಕೆಗೆ ಬರುವುದು, ಇವರ ಹೆಸರಿಗೆ ೩೪ ವರ್ಷಗಳು ಬೇಕಾದುವು!

ಪ್ರಶ್ನೆಯನ್ನು ಕೇಳಿದ ನಮ್ಮ ವ್ಯಾಪಾರಸ್ಥ ಭಕ್ತರು ತೂಕದಲ್ಲಿ ಪ್ರಾಮಾಣಿಕರೆಂಬುದನ್ನು ನಾವು ಬಲ್ಲೆವು, ಅವರನ್ನು ಕುರಿತು ಇದನ್ನು ಹೇಳುತ್ತಿಲ್ಲ. ಆದರೆ ಕಲಬೆರಕೆಯ ಎಣ್ಣೆ, ಕೂಲಿಯವನಿಗೆ ಕೊಡದೆ ಉಳಿಸಿಕೊಂಡ ಕೂಲಿ, ಎರಡು ಬಗೆಯ ಲೆಕ್ಕದ ಪುಸ್ತಕ, ಇವುಗಳನ್ನು ನಾವು ವ್ಯವಹಾರವೆಂದು ಕರೆಯುತ್ತೇವೆ; ಒಂದು ಸೈಕಲ್ ಹೋದರೆ ಅದನ್ನು ಅಪರಾಧವೆಂದು ಕರೆಯುತ್ತೇವೆ.

ಇಲ್ಲಿಯವರೆಗೆ ಎಲ್ಲರೂ ಮನುಷ್ಯನು ತಪ್ಪು ಮಾಡುವನೇಕೆ ಎಂದು ಕೇಳಿದರು. ಟ್ರಾವಿಸ್ ಹರ್ಶಿ ಎಂಬವರು ೧೯೬೯ರಲ್ಲಿ ಪ್ರಶ್ನೆಯನ್ನೇ ತಿರುಗಿಸಿ, ಇಷ್ಟು ಜನರು ತಪ್ಪು ಮಾಡದೆ ಇರುವರೇಕೆ ಎಂದು ಕೇಳಿದರು. ಕ್ಯಾಲಿಫೋರ್ನಿಯಾ ಪ್ರಾಂತದ ಹುಡುಗರನ್ನು ವಿಚಾರಿಸಿ ಅವರು ಕೊಟ್ಟ ಉತ್ತರವೆಂದರೆ, ಬಂಧಗಳು. ತಾಯಿತಂದೆ ಗುರುಗಳ ಮೇಲಿನ ಪ್ರೀತಿ, ಕಳೆದುಕೊಳ್ಳಲು ಅಂಜುವಂಥ ಒಂದು ಭವಿಷ್ಯ, ಕೈತುಂಬ ಕೆಲಸ, ಇದು ಸರಿ ಇದು ತಪ್ಪು ಎಂಬ ನಂಬುಗೆ. ತಂದೆಯ ವರಮಾನಕ್ಕೂ ಮಗನ ತಪ್ಪಿಗೂ ನಡುವಣ ಸಂಬಂಧವು ಅವರ ಲೆಕ್ಕದಲ್ಲಿ ಬಹಳ ದುರ್ಬಲವಾಗಿ ಕಂಡಿತು. ಬಂಧವನ್ನು ಹರಿದುಕೊಳ್ಳುವುದೇ ಮೋಕ್ಷವೆಂದು ನಿತ್ಯ ಹೇಳುವ ನಮಗೆ, ಬಂಧವೇ ಮನುಷ್ಯನನ್ನು ಉಳಿಸುವುದೆಂಬ ಮಾತು ಮೊದಲು ವಿಚಿತ್ರವೆನಿಸಿತು. ಯೋಚಿಸಿದರೆ ವಿಚಿತ್ರವಿಲ್ಲ. ಕಟ್ಟಿಕೊಂಡವನಿಗೆ ಬಿಡಿಸಿಕೊಳ್ಳುವ ಮಾತು. ಯಾರೂ ತನ್ನವನೆಂದು ಕಟ್ಟಿಕೊಳ್ಳದವನು ಏನನ್ನು ಬಿಡಿಸಿಕೊಳ್ಳಬೇಕು?

ಬಂಧವನ್ನು ಹರಿಯುವವರಲ್ಲಿ ನಾವೂ ಇದ್ದೇವೆಂಬುದನ್ನು ಇನ್ನು ಮುಚ್ಚಿಡಲಾರೆವು. ಕೆಲವು ವರ್ಷಗಳ ಹಿಂದೆ ಜಾತ್ರೆಯ ಕಾಲದಲ್ಲಿ ದಾಸೋಹದ ಸೇವೆಗೆ ಒಬ್ಬ ಹುಡುಗನು ಬರುತ್ತಿದ್ದನು, ವಯಸ್ಸು ಹದಿನಾಲ್ಕಿರಬಹುದು. ನೀರು ಹೊರುವುದು, ಎಲೆ ಎತ್ತುವುದು, ಏನು ಹೇಳಿದರೂ ಓಡಿಬರುತ್ತಿದ್ದನು. ತೇರು ಎಳೆದ ಮರುದಿನ ಹಿತ್ತಾಳೆಯ ದೊಡ್ಡ ಸಮೆಯೊಂದು ಕಾಣದಾಯಿತು. ಸೇವೆಗೆ ಬಂದವರು ನಾಲ್ವತ್ತು ಜನರಿದ್ದರು. ಹಿರಿಯರೊಬ್ಬರು ಆ ಹುಡುಗನನ್ನು ಕರೆದು, ಹೆಸರನ್ನು ಕೇಳಲಿಲ್ಲ, ಯಾವ ಕೇರಿಯವನೆಂದು ಕೇಳಿದರು. ಹೇಳಿದನು. ಬೇರೆ ವಿಚಾರಣೆಯೇ ಬೇಕಾಗಲಿಲ್ಲ. ಯಾರೂ ಹೊಡೆಯಲಿಲ್ಲ, ಪೋಲೀಸರನ್ನು ಕರೆಯಲಿಲ್ಲ. ನಾಳೆಯಿಂದ ಬರಬೇಡ ಎಂದರು, ಅಷ್ಟೇ. ನಾವು ಗದ್ದುಗೆಯ ಮೇಲೆ ಕುಳಿತು ಕೇಳುತ್ತಿದ್ದೆವು. ನಮ್ಮ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಎಂಟು ದಿನಗಳ ತರುವಾಯ ಉಗ್ರಾಣದಲ್ಲಿ, ನಮ್ಮವರೇ ಚೀಲದಲ್ಲಿ ಕಟ್ಟಿಟ್ಟ ಪಾತ್ರೆಗಳ ನಡುವೆ ಸಮೆಯು ದೊರೆಯಿತು. ಆಳನ್ನು ಕಳಿಸಿದೆವು, ನಾವೇ ಹೋಗಲಿಲ್ಲ. ಹುಡುಗನು ಲಾರಿಯ ಕೆಲಸಕ್ಕೆ ಹೋದನೆಂದು ಅವನ ತಾಯಿ ಹೇಳಿ ಕಳಿಸಿದಳು.

ಎರಡು ವರ್ಷಗಳ ಮೇಲೆ ಬಾಲಾಪರಾಧಿಗಳ ಮಂದಿರವೊಂದಕ್ಕೆ ಪ್ರವಚನಕ್ಕೆಂದು ಹೋಗಿದ್ದಾಗ ಸಾಲಿನಲ್ಲಿ ಅವನು ಕುಳಿತಿದ್ದನು. ಈ ಸಲ ನಿಜವಾಗಿಯೇ ಕದ್ದಿದ್ದನು, ಒಬ್ಬನೇ ಅಲ್ಲ, ಮೂವರ ಜೊತೆಗೆ. ಪ್ರವಚನ ಮುಗಿದ ಮೇಲೆ ಹತ್ತಿರ ಬಂದು ನಮಸ್ಕರಿಸಿ, "ಅಪ್ಪಾರ, ಸಮೆ ಸಿಕ್ತೇನ್ರಿ?" ಎಂದು ಕೇಳಿದನು. ಸಿಕ್ಕಿತಪ್ಪಾ ಎಂದೆವು. "ಎಲ್ಲಿತ್ರಿ?" ಎಂದನು. ಅದನ್ನೂ ಹೇಳಿದೆವು.

ಫ್ರಾಂಕ್ ಟ್ಯಾನೆನ್‌ಬಾಮ್ ಎಂಬವರು ೧೯೩೮ರಲ್ಲಿ, ಹೊವಾರ್ಡ್ ಬೆಕರ್ ಎಂಬವರು ೧೯೬೩ರಲ್ಲಿ ಬರೆದ ಗ್ರಂಥಗಳಲ್ಲಿ ಇದರ ವಿಚಾರವಿದೆ. ಒಬ್ಬನಿಗೆ ಸಮಾಜವು ಕಳ್ಳನೆಂಬ ಹೆಸರನ್ನು ಹಚ್ಚಿತೆಂದರೆ, ಒಳ್ಳೆಯವರ ಬಾಗಿಲುಗಳು ಅವನಿಗೆ ಮುಚ್ಚುತ್ತವೆ, ಕಳ್ಳರ ಬಾಗಿಲುಗಳು ತೆರೆಯುತ್ತವೆ, ಕೊನೆಗೆ ಅವನೂ ತನ್ನನ್ನು ಆ ಹೆಸರಿನಿಂದಲೇ ಕಂಡುಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ನಾವು ಆ ಗ್ರಂಥಗಳ ಸಾರವನ್ನು ಓದಿದುದು ಈ ತಿಂಗಳು. ಪಾಠವನ್ನು ಕಲಿತುದು ಆ ದಿನ. ಸಮೆ ಹೋಯಿತೆಂಬ ಆರೋಪದಿಂದಲೇ ಅವನು ಕೆಟ್ಟನೆಂದು ನಾವು ಹೇಳಲಾರೆವು. ಮನುಷ್ಯನ ಬಾಳಿನಲ್ಲಿ ಯಾವ ಎಳೆ ಯಾವುದನ್ನು ಎಳೆಯಿತೆಂದು ಯಾರು ಬಲ್ಲರು? ಮೂವರ ಜೊತೆಗೆ ಹೋಗಲು ಒಪ್ಪಿದವನು ಅವನೇ. ಆ ತಪ್ಪಿಗೆ ಅವನೇ ಹೊಣೆ. ಆದರೆ ಮಠದ ಅಂಗಳದಲ್ಲಿ ಅವನಿಗಿದ್ದ ಬಂಧವನ್ನು ಹರಿದವರು ನಾವು. ಆ ತಪ್ಪಿನ ಹೊಣೆಯನ್ನು ಅವನ ಮೇಲೆ ಹೊರಿಸಲಾಗದು.

ಬಸವಣ್ಣನವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಕರುಗಳು ಹಾಲಿಲ್ಲದೆ ಬಳಲುವುವೆಂದು ಕರುಗಳನ್ನೂ ಕಳ್ಳರ ಬಳಿಗೆ ಹೊಡೆಸಿದರೆಂಬ ಐತಿಹ್ಯವುಂಟು. ಅಂಗಡಿಯ ಕಳವಿಗೆ ಇದನ್ನು ಉಪಾಯವಾಗಿ ಹೇಳಿದರೆ ನಮ್ಮ ಭಕ್ತರು ಮುಂದಿನ ಗೋಷ್ಠಿಗೆ ಬರುವುದಿಲ್ಲವೆಂಬುದು ನಮಗೆ ಗೊತ್ತು. ಪೋಲೀಸರಿಗೆ ತಿಳಿಸಬಾರದೆಂದೂ ನಾವು ಹೇಳುವುದಿಲ್ಲ. ಆದರೆ ಕಳವಾದ ಹೊತ್ತಿನಲ್ಲಿ ಅವರ ದೃಷ್ಟಿಯು ಮೊದಲು ಎಲ್ಲಿ ಹರಿಯಿತೆಂಬುದನ್ನು ನೋಡಿರಿ. ಕಳ್ಳರ ಬೆನ್ನ ಮೇಲಲ್ಲ, ಕರುಗಳ ಹೊಟ್ಟೆಯ ಮೇಲೆ.

ಕೈಯಲ್ಲಿ ಮಾಡಬಹುದಾದ ಒಂದು ಮಾತನ್ನು ಹೇಳಿ ಮುಗಿಸುವೆವು. ೨೦೧೨ರ ಬೇಸಗೆಯಲ್ಲಿ ಅದೇ ಚಿಕಾಗೋದಲ್ಲಿ ಒಂದು ಪ್ರಯೋಗ ನಡೆಯಿತು. ಹೊಡೆದಾಟ ಹೆಚ್ಚಾಗಿರುವ ನೆರೆಹೊರೆಗಳ ೧೩ ಶಾಲೆಗಳಿಂದ ೧,೬೩೪ ತರುಣ ತರುಣಿಯರನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಅವರಲ್ಲಿ ಒಂದು ಭಾಗದವರಿಗೆ ೮ ವಾರಗಳ ಕೆಲಸವನ್ನು ಕೊಟ್ಟರು; ವಾರಕ್ಕೆ ೨೫ ತಾಸು, ಕಾಯಿದೆಯಂತೆ ಕೂಲಿ, ಕಷ್ಟಸುಖ ಕೇಳುವ ಹಿರಿಯರೊಬ್ಬರ ಜೊತೆ. ಸಾರಾ ಹೆಲ್ಲರ್ ಎಂಬ ವಿದುಷಿಯು ಮುಂದೆ ೧೬ ತಿಂಗಳ ಲೆಕ್ಕವನ್ನು ನೋಡಿ ೨೦೧೪ರಲ್ಲಿ ಪ್ರಕಟಿಸಿದರು. ಕೆಲಸ ದೊರೆತವರು ಹಿಂಸೆಯ ಅಪರಾಧಗಳಿಗಾಗಿ ಸೆರೆ ಸಿಕ್ಕುವುದು ನೂರಕ್ಕೆ ೪೩ರಷ್ಟು ಇಳಿದಿದ್ದಿತು. ಆಶ್ಚರ್ಯವೆಂದರೆ, ಈ ಇಳಿತವು ಹೆಚ್ಚಾಗಿ ಕಂಡುದು ಆ ೮ ವಾರಗಳು ಮುಗಿದ ಮೇಲೆ. ಹಾಗಾದರೆ ಬಿಡುವಿಲ್ಲದ್ದರಿಂದ ಮಾತ್ರ ಜಗಳ ತಪ್ಪಿತೆನ್ನುವಂತಿಲ್ಲ, ಕೆಲಸವು ಒಳಗೆ ಏನನ್ನೋ ಬಿಟ್ಟುಹೋಗಿತ್ತು. ಕಾಯಕವೆಂಬ ಮಾತನ್ನು ಎಂಟು ನೂರು ವರ್ಷಗಳಿಂದ ಬಾಯಲ್ಲಿಟ್ಟುಕೊಂಡಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕಳವಿನ ಪ್ರಕರಣಗಳಲ್ಲಿ ಮಾತ್ರ ಅಂಥ ಅಂತರವು ಕಾಣಲಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಎಂಟು ವಾರಗಳಲ್ಲಿ ಎಲ್ಲವೂ ಆಗುವುದಿಲ್ಲ.

ಬರುವ ಅಮಾವಾಸ್ಯೆಯಿಂದ ಮಠದ ಕಚೇರಿಯಲ್ಲಿ ಒಂದು ಪುಸ್ತಕವನ್ನು ಇಡಿಸುವೆವು. ಅಂಗಡಿ, ಗಿರಣಿ, ತೋಟ, ಕಾರಖಾನೆಯುಳ್ಳ ಭಕ್ತರು, ಹದಿನೆಂಟು ತುಂಬಿದ ಒಬ್ಬಿಬ್ಬರು ತರುಣರಿಗೆ ಕೆಲಸ ಕಲಿಸಿ ಕೆಲಸ ಕೊಡುವೆವೆಂದು ಅದರಲ್ಲಿ ಹೆಸರು ಬರೆಯಿಸಬೇಕು. ಕೂಲಿಯನ್ನು ಪ್ರತಿ ಶನಿವಾರ ಕೊಡತಕ್ಕದ್ದು, ಇದು ಸೇವೆಯಲ್ಲ. ಕೇರಿಯ ಹೆಸರಿಗೆ ಆ ಪುಸ್ತಕದಲ್ಲಿ ಅಂಕಣವಿರುವುದಿಲ್ಲ.

ಪ್ರಶ್ನೆ ಕೇಳಿದ ವ್ಯಾಪಾರಸ್ಥರು ನಿನ್ನೆ ಬಂದಿದ್ದರು. ಇದನ್ನು ಓದಿ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, ಒಬ್ಬನನ್ನು ಇಟ್ಟುಕೊಳ್ಳುವೆನು, ಆದರೆ ಬೀಗದ ಕೈ ಮಾತ್ರ ಆರು ತಿಂಗಳು ನನ್ನ ಹತ್ತಿರವೇ ಇರಲಿ ಎಂದರು. ಇರಲಿ ಎಂದೆವು.